ಬಿಲಿಯನ್ ಎಂಬ ಅಂಕಿ ಎಲ್ಲಿಂದ ಬಂತು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಅಮೆರಿಕದ ಟಿವಿ ತಾರೆ, ಲಿಪ್‌ಸ್ಟಿಕ್ ಮಾರುವ ಕೈಲಿ ಜೆನ್ನರ್ ಹತ್ತಿರ ನಿಜವಾಗಿಯೂ ಎಷ್ಟು ದುಡ್ಡಿದೆ, ಮನೆಮಂದಿಯ ಜಗಳವನ್ನು ಟಿವಿಯಲ್ಲಿ ತೋರಿಸಿದ್ದಕ್ಕೇ ಅಷ್ಟೊಂದು ಕೊಡ್ತಾರಾ ಅಂತ ಕೇಳಿದ್ದೀಯಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಒಂದೇ ಮಾತಿನದು: ಇಲ್ಲ. ಮೊದಲನೆಯದಕ್ಕೆ ಕೂಡಿ ಕಳೆದು ನೋಡಬೇಕು. ಕಾಗದ, ಪೆನ್ಸಿಲ್ ಇಟ್ಟುಕೊಂಡೇ ಓದು. ಮೊತ್ತಗಳನ್ನು ಮಿಲಿಯನ್, ಬಿಲಿಯನ್ ಡಾಲರ್‌ಗಳಲ್ಲೇ ಕೊಡುತ್ತೇನೆ. ಮುಂದೆ ಬರುವ ದೊಡ್ಡ ಕಂಪನಿಯ ಹೆಸರೇ ಕೋಟಿ, ಇಲ್ಲದಿದ್ದರೆ ಇಬ್ಬರಿಗೂ ತಲೆ ಕೆಡುತ್ತದೆ.

ಅವಳ ಕುಟುಂಬದ ರಿಯಾಲಿಟಿ ಶೋ 'ಕೀಪಿಂಗ್ ಅಪ್ ವಿತ್ ದ ಕಾರ್ಡಾಶಿಯನ್ಸ್' 2007ರ ಅಕ್ಟೋಬರ್‌ನಲ್ಲಿ ಶುರುವಾದಾಗ ಕೈಲಿಗೆ 10 ವರ್ಷ. ಕಾರ್ಯಕ್ರಮ 20 ಸೀಸನ್ ನಡೆದು 2021ರಲ್ಲಿ ನಿಂತಿತು. ಮರುವರ್ಷ ಹುಲು ಎಂಬ ಆನ್‌ಲೈನ್ ವೇದಿಕೆಯಲ್ಲಿ ಬೇರೆ ಹೆಸರಿನಿಂದ ಮುಂದುವರಿಯಿತು. ಇಂಥ ಶೋಗಳಲ್ಲಿ ಹೊಸಬರಿಗೆ ಸಿಗುವ ಸಂಭಾವನೆ ಕೇಳಿದರೆ ನಿನಗೆ ನಗು ಬರುತ್ತದೆ. ನ್ಯೂಯಾರ್ಕ್ ಗೃಹಿಣಿಯರ ರಿಯಾಲಿಟಿ ಶೋನಿಂದ ಹೆಸರಾದ ಬೆಥೆನಿ ಫ್ರಾಂಕೆಲ್, ಮೊದಲ ಸೀಸನ್‌ಗೆ ತನಗೆ ಬಂದದ್ದು 7,250 ಡಾಲರ್ ಎಂದು ತಾನೇ ಹೇಳಿಕೊಂಡಿದ್ದಾಳೆ. ಅವಳಿಗೆ ದೊಡ್ಡ ದುಡ್ಡು ಬಂದದ್ದು 2011ರಲ್ಲಿ, ಸ್ಕಿನ್ನಿಗರ್ಲ್ ಎಂಬ ಕಾಕ್‌ಟೈಲ್ ವ್ಯಾಪಾರವನ್ನು ಬೀಮ್ ಕಂಪನಿಗೆ ಮಾರಿದಾಗ. ಮಾರಿದ್ದು ಮದ್ಯವನ್ನು ಮಾತ್ರ. ಬೇರೆ ಸರಕುಗಳಿಗೆ ಆ ಹೆಸರನ್ನು ತನ್ನಲ್ಲೇ ಉಳಿಸಿಕೊಂಡಳು. ಆಮೇಲೆ ಆ ಶೋ ತೋರಿಸುತ್ತಿದ್ದ ಬ್ರಾವೊ ವಾಹಿನಿ ತನ್ನ ಕರಾರುಗಳಿಗೆ ಹೊಸ ಷರತ್ತು ಸೇರಿಸಿತೆಂದು ವರದಿಯಾಯಿತು: ಶೋನಲ್ಲಿ ಮೆರೆಸಿದ ಉದ್ಯಮ ಲಾಭ ಮಾಡಿದರೆ ವಾಹಿನಿಗೂ ಪಾಲು. ಅದಕ್ಕೆ ಬೆಥೆನಿ ಷರತ್ತು ಎಂದೇ ಹೆಸರು ಬಿತ್ತು. ದುಡ್ಡು ಸಂಭಾವನೆಯಲ್ಲಿಲ್ಲ, ಪುಕ್ಕಟೆ ಸಿಗುವ ಜಾಹೀರಾತಿನಲ್ಲಿದೆ ಎನ್ನುವುದು ವಾಹಿನಿಗಳಿಗೇ ಗೊತ್ತು.

ಕೈಲಿ ವಿಷಯದಲ್ಲಿ ಆ ಜಾಹೀರಾತು ಹೇಗೆ ಕೆಲಸ ಮಾಡಿತು ನೋಡು. ತುಟಿ ದಪ್ಪ ಕಾಣಲು ಫಿಲ್ಲರ್ ಹಾಕಿಸಿಕೊಂಡಿದ್ದನ್ನು ಅವಳು ಒಪ್ಪಿಕೊಂಡದ್ದು 2015ರ ಮೇ ತಿಂಗಳಲ್ಲಿ, ಅದೇ ಶೋನಲ್ಲಿ. ಊರೆಲ್ಲ ಅವಳ ತುಟಿಯ ಮಾತು. ನವೆಂಬರ್ ಕೊನೆಗೆ ಲಿಪ್ ಕಿಟ್ ಮಾರಾಟಕ್ಕೆ ಬಂತು: ಒಂದು ಲಿಕ್ವಿಡ್ ಲಿಪ್‌ಸ್ಟಿಕ್, ಅದಕ್ಕೊಪ್ಪುವ ಒಂದು ಲಿಪ್ ಲೈನರ್, ಬೆಲೆ 29 ಡಾಲರ್. ಮೊದಲ ಕಂತು 15,000 ಕಿಟ್. ಮಾಡೆಲಿಂಗ್‌ನಿಂದ ಬಂದ ಸುಮಾರು 2,50,000 ಡಾಲರನ್ನು ಅದಕ್ಕೆ ಹಾಕಿದ್ದಳು. ಅಂದರೆ ಕಿಟ್‌ಗೆ 16-17 ಡಾಲರ್ ಖರ್ಚು. ಎಲ್ಲ ಮಾರಾಟವಾದರೆ ಬರುವುದು 4,35,000 ಡಾಲರ್. ಕಳೆದರೆ ಉಳಿಯುವುದು 1,85,000. ಇದರಲ್ಲೇ ಕಾರ್ಡ್ ಶುಲ್ಕ, ಸಾಗಣೆ, ಒಡೆದು ಬಂದದ್ದಕ್ಕೆ ಬದಲಿ ಮಾಲು ಎಲ್ಲ ಹೋಗಬೇಕು. ನಿಮಿಷಗಳಲ್ಲಿ ಖಾಲಿಯಾಯಿತು ಎಂಬ ಸುದ್ದಿ ಮಾತ್ರ ಜಗತ್ತೆಲ್ಲ ಸುತ್ತಿತು. ಕೋಟ್ಯಂತರ ಹಿಂಬಾಲಕರಿರುವವಳು 15,000 ಇಟ್ಟರೆ ಖಾಲಿಯಾಗದೆ ಏನು? ಮಾಲು ಕಡಿಮೆ ಇಟ್ಟದ್ದರಿಂದ ಸುದ್ದಿಯೂ ಆಯಿತು, ದಾಸ್ತಾನು ಕೊಳೆಯುವ ಭಯವೂ ತಪ್ಪಿತು. ನಿಜವಾದ ಪರೀಕ್ಷೆ 2016ರ ಆರಂಭದಲ್ಲಿ, ಕೈಲಿ ಕಾಸ್ಮೆಟಿಕ್ಸ್ ಎಂದು ಹೆಸರು ಬದಲಿಸಿ ಲಕ್ಷಗಟ್ಟಲೆ ಕಿಟ್ ತಂದಾಗ.

2018ರ ಹೊತ್ತಿಗೆ ಆ ಕಂಪನಿಯಲ್ಲಿ ಪೂರ್ಣಾವಧಿ ನೌಕರರು 7 ಜನ, ಅರೆಕಾಲಿಕರು 5 ಜನ. ಬಣ್ಣ ಕಲಸುವುದು, ತುಂಬುವುದು, ಪ್ಯಾಕಿಂಗ್ ಎಲ್ಲ ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನ ಸೀಡ್ ಬ್ಯೂಟಿಯದು. ಆನ್‌ಲೈನ್ ಅಂಗಡಿ ಶಾಪಿಫೈಯದು. ಹಣಕಾಸು, ಪ್ರಚಾರ ತಾಯಿ ಕ್ರಿಸ್ ಜೆನ್ನರ್ ಕೈಯಲ್ಲಿ, ಅದಕ್ಕೆ ಶೇ. 10 ಕಮಿಷನ್. ಸ್ವಂತ ಕಾರ್ಖಾನೆ ಇಲ್ಲದ್ದರಿಂದ ಬಂಡವಾಳ ಕಡಿಮೆ, ವೇಗ ಹೆಚ್ಚು. ತೊಂದರೆ ಬರುವುದು ಎರಡು ಕಡೆ. ತಪ್ಪು ಯಾರದ್ದಾದರೂ ಬೈಗುಳ ತಿನ್ನುವುದು ಡಬ್ಬಿಯ ಮೇಲೆ ಹೆಸರಿದ್ದವರು: 2016ರ ಲಿಪ್ ಗ್ಲಾಸ್‌ನ ಬ್ರಷ್ ಎಳೆಗಳು ಕೆದರಿಕೊಂಡಿವೆ ಎಂದು ಗ್ರಾಹಕರು ದೂರಿದ್ದು ಕೈಲಿಯನ್ನೇ. ಇನ್ನೊಂದು, ತಯಾರಿಕೆಯ ಗುಟ್ಟು ಯಾರದ್ದು ಎಂಬುದು. ಕಂಪನಿ ಕೈ ಬದಲಾಯಿಸುವಾಗ ಈ ಪ್ರಶ್ನೆ ಎದ್ದೇ ಏಳುತ್ತದೆ. 2020ರಲ್ಲಿ ಸೀಡ್ ಬ್ಯೂಟಿ, ತನ್ನ ವ್ಯಾಪಾರದ ಗುಟ್ಟುಗಳು ಕೈಲಿಯ ಕಂಪನಿಯಲ್ಲಿ ಪಾಲು ಕೊಂಡ ಸೌಂದರ್ಯವರ್ಧಕ ಕಂಪನಿ ಕೋಟಿಗೆ ಸೇರದಂತೆ ತಡೆಯಲು ಕೋರ್ಟಿಗೆ ಹೋಯಿತು.

ಈಗ ಬಿಲಿಯನ್ನಿಗೆ ಬರೋಣ. ಷೇರುಪೇಟೆಯಲ್ಲಿಲ್ಲದ ಕಂಪನಿಗೆ ಬೆಲೆ ಕಟ್ಟುವವರು ಮಾಡುವುದಿಷ್ಟು: ವರ್ಷದ ವಹಿವಾಟು ಎಷ್ಟೆಂದು ಕೇಳುತ್ತಾರೆ, ಅಂಥದೇ ವ್ಯಾಪಾರದ ಪೇಟೆ ಕಂಪನಿಗಳು ವಹಿವಾಟಿನ ಎಷ್ಟು ಪಟ್ಟಿಗೆ ಬೆಲೆಬಾಳುತ್ತಿವೆ ನೋಡುತ್ತಾರೆ, ಗುಣಿಸುತ್ತಾರೆ, ಮಾಲೀಕರ ಪಾಲು ತೆಗೆಯುತ್ತಾರೆ. ಮೊದಲ ಅಂಕಿ ತಪ್ಪಿದರೆ ಆ ತಪ್ಪೂ ಗುಣಿಸುತ್ತಲೇ ಹೋಗುತ್ತದೆ. ತಪ್ಪುವುದಕ್ಕೆ ಯಾರೂ ಸುಳ್ಳೇ ಹೇಳಬೇಕೆಂದಿಲ್ಲ. ಅಂಗಡಿಯಲ್ಲಿ 29 ಡಾಲರಿಗೆ ಮಾರಿದ ಮಾಲಿಗೆ ಕಂಪನಿಗೆ ಸಗಟು ಬೆಲೆಯಷ್ಟೇ ಬರುತ್ತದೆ. ಆದರೂ ಪತ್ರಿಕೆಗೆ 29ನ್ನೇ ಹೇಳಬಹುದು. ಹೊಸ ಮಾಲು ಬಂದ ದಿನದ ವ್ಯಾಪಾರವನ್ನು ಇಡೀ ವರ್ಷಕ್ಕೆ ಹಿಗ್ಗಿಸಬಹುದು. ಖಾಸಗಿ ಕಂಪನಿ ಪತ್ರಿಕೆಗೆ ಕೊಡುವ ಅಂಕಿಯ ಮೇಲೆ ಲೆಕ್ಕಪರಿಶೋಧಕರ ಸಹಿ ಇರುವುದಿಲ್ಲ.

ಶ್ರೀಮಂತರ ಪಟ್ಟಿ ಮಾಡುವ ಫೋರ್ಬ್ಸ್ ಪತ್ರಿಕೆ 2018ರ ವಹಿವಾಟನ್ನು 360 ಮಿಲಿಯನ್ ಎಂದು ಅಂದಾಜು ಮಾಡಿ, 2019ರ ಮಾರ್ಚ್‌ನಲ್ಲಿ 21ರ ಕೈಲಿಯನ್ನು ಸ್ವಂತ ಗಳಿಕೆಯ ಅತಿ ಕಿರಿಯ ಬಿಲಿಯನೇರ್ ಎಂದು ಕರೆಯಿತು. ಸಿರಿವಂತರ ಮನೆಯ ಹುಡುಗಿಯದನ್ನು ಸ್ವಂತ ಗಳಿಕೆ ಎನ್ನಬಹುದೇ ಎಂದು ಆದ ಗಲಾಟೆ ಬಿಡು. ಅದೇ ನವೆಂಬರ್‌ನಲ್ಲಿ ಕೋಟಿ ಕಂಪನಿ ಶೇ. 51 ಪಾಲನ್ನು 600 ಮಿಲಿಯನ್‌ಗೆ ಕೊಳ್ಳುವುದಾಗಿ ಘೋಷಿಸಿತು. ಕೋಟಿ ನ್ಯೂಯಾರ್ಕ್ ಷೇರುಪೇಟೆಯ ಕಂಪನಿ. ಹೂಡಿಕೆದಾರರ ಮುಂದೆ ಸುಳ್ಳು ಅಂಕಿ ಇಟ್ಟರೆ ಕಾನೂನು ಬಿಡುವುದಿಲ್ಲ. ಅದು ಕೊಟ್ಟ ಲೆಕ್ಕ: ಹಿಂದಿನ 12 ತಿಂಗಳ ವಹಿವಾಟು 177 ಮಿಲಿಯನ್, ಅದೂ 2018ಕ್ಕಿಂತ ಶೇ. 40 ಏರಿಕೆ. 177ನ್ನು 1.4ರಿಂದ ಭಾಗಿಸು. 2018ರದ್ದು 126ರ ಆಸುಪಾಸು. ಎಲ್ಲಿಯ 360, ಎಲ್ಲಿಯ 126!

ಇನ್ನು ಮಾರಾಟದ ಹಣ. 600ನ್ನು 0.51ರಿಂದ ಭಾಗಿಸಿದರೆ ಪೂರ್ತಿ ಕಂಪನಿಯ ಬೆಲೆ 1,176 ಮಿಲಿಯನ್, ಅಂದರೆ ವಹಿವಾಟಿನ ಆರೂವರೆ ಪಟ್ಟಿಗೂ ಹೆಚ್ಚು, ಒಳ್ಳೆಯ ಬೆಲೆಯೇ. ಆದರೆ ಕಂಪನಿಯಲ್ಲಿ ಶೇ. 10 ತಾಯಿಯದೆಂದು ಫೋರ್ಬ್ಸ್ ಹೇಳಿತು. ಆಗ ಕೈಲಿಗೆ ಬರುವುದು 540. ತೆರಿಗೆ ಹಾಕು: ಕೇಂದ್ರ ಸರ್ಕಾರದ ಬಂಡವಾಳ ಲಾಭ ತೆರಿಗೆ ಶೇ. 20, ಹೂಡಿಕೆ ಆದಾಯದ ಮೇಲಿನ ಹೆಚ್ಚುವರಿ ಶೇ. 3.8, ಕ್ಯಾಲಿಫೋರ್ನಿಯಾದ ಗರಿಷ್ಠ ದರ ಶೇ. 13.3. ಒಟ್ಟು ಶೇ. 37.1. ಕೈಗೆ ಸಿಗುವುದು 340. ಫೋರ್ಬ್ಸ್ ಅಂದಾಜೂ ಅದೇ. ಉಳಿದ ಶೇ. 49ರಲ್ಲಿ ಅವಳದು ಶೇ. 44.1, ಮಾರಾಟದ ದರದಲ್ಲೇ ಹಿಡಿದರೆ 519. ಕೂಡಿಸಿದರೆ 859. ಬಿಲಿಯನ್ ಮುಟ್ಟಲಿಲ್ಲ ನೋಡು. ಮೇಲಾಗಿ ಆ 519 ನಗದಲ್ಲ. ಹಿಡಿತ ಕೋಟಿಯ ಕೈಗೆ ಹೋದ ಮೇಲೆ ಉಳಿದ ಪಾಲನ್ನು ಅದೇ ದರಕ್ಕೆ ಕೊಳ್ಳುವವರು ಸಿಗುವುದು ಕಷ್ಟ. 2020ರ ಆರಂಭದಲ್ಲಿ ಕೋಟಿಯ ಷೇರೇ ಅರ್ಧಕ್ಕಿಂತ ಕೆಳಗೆ ಬಿತ್ತು.

2020ರ ಮೇ 29ರಂದು ಫೋರ್ಬ್ಸ್ ಅವಳ ಆಸ್ತಿಯನ್ನು 900 ಮಿಲಿಯನ್‌ಗಿಂತ ತುಸು ಕಡಿಮೆಗೆ ಇಳಿಸಿ, ಕುಟುಂಬ ವರ್ಷಗಟ್ಟಲೆ ಅಂಕಿ ಉಬ್ಬಿಸಿತ್ತೆಂದು ಆರೋಪಿಸಿತು. ತಾನು ಯಾವ ಬಿರುದನ್ನೂ ಕೇಳಿರಲಿಲ್ಲ, ಸುಳ್ಳೂ ಹೇಳಿಲ್ಲ ಎಂದು ಕೈಲಿ ಟ್ವಿಟರ್‌ನಲ್ಲಿ ಅಲ್ಲಗಳೆದಳು. ಈಚಿನ ಪಟ್ಟಿಗಳಲ್ಲಿ ಅವಳು 700 ಮಿಲಿಯನ್ ಆಚೀಚೆ ಇದ್ದಾಳೆ. ಖೈ ಉಡುಪು, ಸ್ಪ್ರಿಂಟರ್ ವೋಡ್ಕಾ ಸೋಡಾ ಆಮೇಲೆ ಬಂದವು. ಅಕ್ಕ ಕಿಮ್‌ಳ ಸ್ಕಿಮ್ಸ್ 4 ಬಿಲಿಯನ್ ಎಂದು 2023ರಲ್ಲಿ ಓದಿದ್ದೀಯಲ್ಲ, ಅದು ಇನ್ನೊಂದು ಬಗೆಯ ಅಂಕಿ. ಹೂಡಿಕೆದಾರರು 270 ಮಿಲಿಯನ್ ಹಾಕಿದರು, ಅಂದರೆ ಶೇ. 7ರಷ್ಟು ಪಾಲಿನ ಬೆಲೆಯನ್ನು ಇಡೀ ಕಂಪನಿಗೆ ಹಿಗ್ಗಿಸಿದ್ದು. ಇಂಥ ಹೂಡಿಕೆದಾರರು ಸಾಮಾನ್ಯವಾಗಿ, ಕಂಪನಿ ಮಾರಾಟವಾದರೆ ತಮ್ಮ ಹಣ ಮೊದಲು ವಾಪಸ್ಸು ಬರುವಂತೆ ಬರೆಸಿಕೊಂಡಿರುತ್ತಾರೆ. ಸ್ಥಾಪಕರ ಷೇರಿಗೆ ಆ ರಕ್ಷಣೆ ಇರುವುದಿಲ್ಲ. ಎರಡನ್ನೂ ಒಂದೇ ಬೆಲೆಗೆ ಗುಣಿಸುವುದು ಸರಿಯಲ್ಲ.

ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕೈಲಿ ಎಂಬ ಒಂಟಿ ಹೆಸರಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಕೇಳಿದಾಗ ಗಾಯಕಿ ಕೈಲಿ ಮಿನೋಗ್ ಕಡೆಯವರು ತಕರಾರು ಹಾಕಿದರು. ನಿನ್ನ ಹೆಸರು ನಿನ್ನದೇ ಆದರೂ ಡಬ್ಬಿಯ ಮೇಲೆ ಅದನ್ನು ಮೊದಲು ಬಳಸಿದವರ ಹಕ್ಕೇ ಗಟ್ಟಿ. ಹಾಗೆಯೇ 2022ರ ಕೊನೆಗೆ ಬಂದ ಅಮೆರಿಕದ ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಲೇಬಲ್ ಮೇಲೆ ಯಾರ ಹೆಸರಿದೆಯೋ ಅವರೇ ಹೊಣೆ. ಮಾಲನ್ನು ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಪಟ್ಟಿಗೆ ಸೇರಿಸುವುದು, ಸುರಕ್ಷತೆಯ ದಾಖಲೆ ಇಡುವುದು, ಯಾರಿಗಾದರೂ ಗಂಭೀರ ತೊಂದರೆಯಾದರೆ 15 ಕೆಲಸದ ದಿನಗಳೊಳಗೆ ತಿಳಿಸುವುದು ಅವರ ಕೆಲಸ.

ಸಮಯವಾದಾಗ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ಜಾಲತಾಣದಲ್ಲಿ ಕೋಟಿ ಕಂಪನಿಯ ವಾರ್ಷಿಕ ವರದಿ ತೆರೆದು ನೋಡು, ದುಡ್ಡು ಕೊಡಬೇಕಾಗಿಲ್ಲ. ಅವರ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. 'ನಾನ್‌ಕಂಟ್ರೋಲಿಂಗ್ ಇಂಟರೆಸ್ಟ್ಸ್' ಎಂಬ ಸಾಲಿನಿಂದ ಶುರು ಮಾಡು. ಅಂಗಸಂಸ್ಥೆಗಳಲ್ಲಿ ಕೋಟಿಗೆ ಸೇರದ ಪಾಲು ಅಲ್ಲಿರುತ್ತದೆ. ಅರ್ಥವಾಗದ ಸಾಲುಗಳಿಗೆ ಗುರುತು ಹಾಕಿ ಕಳಿಸು.

ನಿನ್ನ
ಅಮ್ಮ