ಬಲೆಗೆ ದಂಡ, ಟೆರೇಸ್ ಕೋಣೆಗೆ ಸಲಾಂ

ಮಾನ್ಯ ಸಂಪಾದಕರೇ,

ನಮ್ಮ ಅಪಾರ್ಟ್‌ಮೆಂಟಿನ 'ಶಿಸ್ತು ಅಭಿಯಾನ'ದ ಬಗ್ಗೆ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಅನುಮತಿ ಇಲ್ಲದೆ ಮನೆಯಲ್ಲಿ ಬದಲಾವಣೆ ಮಾಡಿಕೊಂಡವರಿಗೆ ಅಸೋಸಿಯೇಷನ್ ಬಿಸಿ ಮುಟ್ಟಿಸಿದೆಯಂತೆ. ಬಿಸಿ ಮುಟ್ಟಿದವರಲ್ಲಿ ನಾನೂ ಒಬ್ಬ. ನನ್ನ ಅಪರಾಧ ಏನು ಅಂತ ವರದಿಯಲ್ಲಿ ಬರೆದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಬಾಲ್ಕನಿಗೆ ಪಾರಿವಾಳದ ಬಲೆ ಕಟ್ಟಿಸಿದ್ದೇನೆ. ನೈಲಾನ್ ಬಲೆ. ಕೆಳಗೆ ನಿಂತು ನೋಡಿದರೆ ಕಾಣುವುದೂ ಇಲ್ಲ.

ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕೆಮ್ಮು ಜಾಸ್ತಿಯಾಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೇ ಕಟ್ಟಿಸಿದ್ದು. ಇದರಿಂದ ಕಟ್ಟಡದ 'ಹೊರನೋಟ' ಕೆಡುತ್ತದಂತೆ. ದಂಡವನ್ನು ಮೇಂಟೆನೆನ್ಸ್ ಬಿಲ್ಲಿಗೇ ಸೇರಿಸಿದರು. ನಾನು ಕಟ್ಟಲಿಲ್ಲ. ತಕ್ಷಣ ಗೇಟಿನ ಆ್ಯಪ್‌ನಲ್ಲಿ ನಮ್ಮ ಫ್ಲ್ಯಾಟನ್ನು ಬ್ಲಾಕ್ ಮಾಡಿದರು. ಇವತ್ತು ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ತಂದ ಹುಡುಗನನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದಾರೆ, ಕೆಲಸದವರನ್ನು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದಾರೆ, ಅಮ್ಮನ ಔಷಧಿಯನ್ನು ಸೆಕ್ಯುರಿಟಿಯವರ ಮೇಜಿನ ಮೇಲಿಂದ ನಾನೇ ಹೋಗಿ ಎತ್ತಿಕೊಂಡು ಬರಬೇಕಾಯಿತು. ಸೆಕ್ಯುರಿಟಿಯವರದೇನೂ ತಪ್ಪಿಲ್ಲ ಪಾಪ, ಮೇಲಿನವರು ಹೇಳಿದ್ದನ್ನು ಮಾಡುತ್ತಾರೆ.

ಆ ಮೇಲಿನವರ ಕಥೆ ಕೇಳಿ. ನಮ್ಮ ತಲೆಯ ಮೇಲಿನ ಫ್ಲ್ಯಾಟಿನಲ್ಲಿರುವವರು ಕಮಿಟಿಯ ಪದಾಧಿಕಾರಿ. ಹಾಲ್ ಮತ್ತು ಬಾಲ್ಕನಿ ನಡುವಿನ ಗೋಡೆ ಒಡೆದು ಒಂದೇ ಮಾಡಿಕೊಂಡಿದ್ದಾರೆ. ನಮ್ಮದು ಮಿವಾನ್ ಕಟ್ಟಡ, ಅಂದರೆ ಇಟ್ಟಿಗೆ ಗೋಡೆಯಲ್ಲ, ಪೂರ್ತಿ ಕಾಂಕ್ರೀಟ್, ಗೋಡೆಯೇ ಭಾರ ಹೊರುತ್ತದೆ. ಅದನ್ನು ಕೊರೆಯುವ ಸದ್ದಿಗೆ ನಮ್ಮ ಮನೆಯ ಪಾತ್ರೆಗಳು ಕುಣಿದವು. ಆಮೇಲೆ ಬಾತ್‌ರೂಮಿನ ಟೈಲ್ಸ್ ಕಿತ್ತು ಹೊಸದು ಹಾಕಿಸಿದರು. ಸಂಕನ್ ಸ್ಲ್ಯಾಬಿನ, ಅಂದರೆ ಪೈಪು ಹಾಯಿಸಲು ತಗ್ಗಿಸಿ ಹಾಕಿದ ಬಾತ್‌ರೂಮ್ ನೆಲದ, ವಾಟರ್‌ಪ್ರೂಫಿಂಗ್ ಹಾಳಾಯಿತು. ಈಗ ನಮ್ಮ ಬಾತ್‌ರೂಮಿನ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ಒಳಗೆ ಹೋಗುವಾಗ ಛತ್ರಿ ಹಿಡಿಯುವುದೊಂದು ಬಾಕಿ. ಸಾಲದು ಅಂತ ಎಲ್ಲರಿಗೂ ಸೇರಿದ ಟೆರೇಸಿನಲ್ಲಿ ಶೀಟ್ ಹೊದಿಸಿದ ಒಂದು ಕೋಣೆ. ಕಮಿಟಿ ಸಭೆ ನಡೆಯುವುದೂ ಅಲ್ಲೇ! ದಂಡ ಹಾಕುವ ತೀರ್ಮಾನವಾದದ್ದೂ ಅದೇ ಕೋಣೆಯಲ್ಲಿ. ನಿಮ್ಮ ವರದಿಗಾರರು ಅಲ್ಲೇ ಕಾಫಿ ಕುಡಿದು ಬಂದಿದ್ದರೂ ಆಶ್ಚರ್ಯವಿಲ್ಲ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸ ಮಾಡಬೇಕಾದರೆ, ಹೊಸದಾಗಿ ಏನಾದರೂ ಕಟ್ಟಬೇಕಾದರೆ, ಉಳಿದ ಎಲ್ಲ ಮಾಲೀಕರ ಒಪ್ಪಿಗೆ ಮೊದಲೇ ಪಡೆಯಬೇಕು. ಎಲ್ಲರದ್ದೂ ಅಂದರೆ ನನ್ನದೂ ಸೇರಿತು, ಅಲ್ವಾ? ನನ್ನನ್ನು ಯಾರೂ ಕೇಳಿಲ್ಲ. ಇದನ್ನು ಹೇಳಿದರೆ ಕಾರ್ಯದರ್ಶಿಗಳ ಉತ್ತರ ನೋಡಿ: ನಮ್ಮ ಅಸೋಸಿಯೇಷನ್ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುವುದು, 1972ರ ಕಾಯ್ದೆ ನಮಗೆ ಅನ್ವಯಿಸಲ್ಲ. ಸರಿ ಸ್ವಾಮಿ, ಹಾಗಾದರೆ ನನ್ನ ಬಲೆಗೆ ದಂಡ ಹಾಕುವ ಅಧಿಕಾರ ಯಾವ ಕಾಯ್ದೆಯಿಂದ ಬಂತು? ಇದಕ್ಕೆ ಉತ್ತರವಿಲ್ಲ. ವಾಟ್ಸ್ಆ್ಯಪ್ ಗುಂಪಿನಿಂದ ನನ್ನನ್ನೇ ತೆಗೆದುಹಾಕಿದರು.

ವಾರ್ಡ್ ಕಚೇರಿಗೆ ದೂರು ಕೊಟ್ಟರೆ ಎಂಜಿನಿಯರ್ ಸಾಹೇಬರು 'ಅದು ನಿಮ್ಮ ಒಳಗಿನ ವಿಷಯ, ಅಸೋಸಿಯೇಷನ್‌ಗೆ ಹೇಳಿ' ಅಂತಾರೆ. ಅಸೋಸಿಯೇಷನ್‌ನವರು 'ಅಕ್ರಮ ಅನಿಸಿದರೆ ಕಚೇರಿಗೆ ಹೇಳಿ' ಅಂತಾರೆ. ಇದೇ ಸಾಹೇಬರು ಕೇಬಲ್ ಹಾಕಲು ಅಗೆದ ನಮ್ಮ ಫುಟ್‌ಪಾತನ್ನು ಕಳೆದ ಮಳೆಗಾಲದಿಂದ ಮುಚ್ಚಿಸಿಲ್ಲ, ಮೂಲೆಯ ಬೀದಿದೀಪ ಹಗಲೆಲ್ಲ ಉರಿದು ರಾತ್ರಿ ಆರಿಹೋಗುತ್ತದೆ, ಕಸದ ಗಾಡಿಯವರು ಬಂದರೆ ಬಂದರು ಇಲ್ಲದಿದ್ದರೆ ಇಲ್ಲ, ಆದರೆ ಆಸ್ತಿ ತೆರಿಗೆ ಒಂದು ದಿನ ತಡವಾದರೆ ಮಾತ್ರ ಬಡ್ಡಿ ಸಮೇತ ನೆನಪಾಗುತ್ತದೆ.

ಟೆರೇಸಿನ ಮಹಾಶಯರಿಗಂತೂ ಯಾವ ಚಿಂತೆಯೂ ಇಲ್ಲ. 'ನಾಳೆ ಅಕ್ರಮ-ಸಕ್ರಮ ಬಂದೇ ಬರುತ್ತೆ ಬಿಡಿ' ಅಂತ ಲಿಫ್ಟಿನಲ್ಲಿ ನನ್ನ ಮುಖಕ್ಕೇ ಹೇಳಿದ್ದಾರೆ. ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಎಷ್ಟೇ ಹಣ ಸುರಿದಿದ್ದರೂ, ಎಷ್ಟೇ ಹಳೆಯದಾಗಿದ್ದರೂ ಅಕ್ರಮ ಕಟ್ಟಡಕ್ಕೆ ರಕ್ಷಣೆ ಇಲ್ಲ, ಕಣ್ಣು ಮುಚ್ಚಿ ಕೂತ ಅಧಿಕಾರಿಗಳ ಮೇಲೂ ಕ್ರಮ ಆಗಬೇಕು ಎಂದು ಅದೇ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ನಮ್ಮ ವಾರ್ಡ್ ಕಚೇರಿಯವರೆಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ಫುಟ್‌ಪಾತ್ ಸರಿ ಇಲ್ಲವಲ್ಲ, ನಡೆದು ಬರುತ್ತಿರಬೇಕು.

ನಿಯಮ ಬೇಡ ಅಂತ ನಾನು ಹೇಳುತ್ತಿಲ್ಲ. ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡಬೇಡಿ, ಬೆಂಕಿ ಬಿದ್ದರೆ ಓಡಲು ದಾರಿ ಬೇಕು ಎಂದಾಗ ಮೊದಲು ತೆಗೆದದ್ದು ನಾನೇ. ಆದರೆ ಅಳತೆಗೋಲು ಮಾತ್ರ ಎಲ್ಲರಿಗೂ ಒಂದೇ ಇರಲಿ. ಆ ಟೆರೇಸ್ ಕೋಣೆಯನ್ನು ಒಡೆಯಿರಿ, ಇಲ್ಲಾ ನನ್ನ ದಂಡ ತೆಗೆಯಿರಿ. ಎರಡೂ ಆದರೆ ಇನ್ನೂ ಒಳ್ಳೆಯದು. ನಮ್ಮ ಚಾವಣಿ ರಿಪೇರಿಯ ಖರ್ಚನ್ನೂ ಕೊಡಿಸಿ. ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು ಅಂತ ಇಲ್ಲಿ ಬರೆಯುವುದು ವಾಡಿಕೆ. ಸಂಬಂಧಪಟ್ಟವರು ಯಾರು ಅಂತ ಮೊದಲು ಅವರವರೇ ತೀರ್ಮಾನ ಮಾಡಿಕೊಳ್ಳಲಿ.

– ಬ್ಲಾಕ್ ಆಗಿರುವ ಫ್ಲ್ಯಾಟಿನ ಮಾಲೀಕ