ಹೊಸ ಹಾರ್ಮೋನಿಯಂ ಕೆಟ್ಟರೂ ಅಂಗಡಿಯವರು ಕಿವಿಗೊಡದಿದ್ದರೆ

ಎಲ್ಲ ಸದಸ್ಯರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದಲ್ಲಿ ಹೊಸ ಪೆಟ್ಟಿಗೆ ಕೊಂಡವರು ಗಮನಿಸಿ.

ದೋಷ ಹೇಳಿದರೆ ಕೆಲವು ಅಂಗಡಿಯವರು "ಮಳೆಗಾಲರಿ, ಹಂಗ ಆಗತೈತಿ" ಅಂತ ಸಾಗಹಾಕ್ತಾರೆ. ತೇವಕ್ಕೆ ಕಟ್ಟಿಗೆ ಉಬ್ಬಿ ಕೀ ಹಿಡಿಯೋದು ನಿಜ. ಆದರೆ ಎಲ್ಲ ದೋಷಕ್ಕೂ ಮಳೆಯೇ ಕಾರಣ ಅಂದರೆ ಒಪ್ಪಬೇಡಿ.

ಮೊದಲು ವಿಡಿಯೋ ಮಾಡಿ. ಸ್ಟಾಪರ್ (ಗಾಳಿ ಬಿಡುವ, ತಡೆಯುವ ಮುಂದಿನ ಗುಂಡಿ) ಎಲ್ಲ ಮುಚ್ಚಿ, ಗಾಳಿ ತುಂಬುವ ತಿದಿ ಒತ್ತಿ ಬಿಡಿ. ಗಾಳಿ ತಕ್ಷಣ ಇಳಿದರೆ ತಿದಿಯ ಮಡಿಕೆಯಲ್ಲೋ ಜೋಡಣೆಯಲ್ಲೋ ಸೋರಿಕೆ ಇದೆ. ಆಮೇಲೆ ಸ್ಟಾಪರ್ ತೆರೆದು, ಕೀ ಮುಟ್ಟದೆ ತಿದಿ ಒತ್ತಿ. ಸ್ವರ ತಾನಾಗಿ ನುಡಿದರೆ ಆ ಕೀಯ ಕೆಳಗಿನ ಮುಚ್ಚಳ ಸರಿಯಾಗಿ ಕೂತಿಲ್ಲ. ಒಂದೇ ಸ್ವರ ಗುರ್‌ಗುಟ್ಟಿದರೆ ರೀಡ್‌ನಲ್ಲಿ (ಸ್ವರ ಹೊರಡಿಸುವ ಲೋಹದ ಪಟ್ಟಿಯಲ್ಲಿ) ಧೂಳಿರಬಹುದು, ಇಲ್ಲವೇ ತಿರುಪು ಸಡಿಲವಾಗಿರಬಹುದು. ನೀವೇ ಬಿಚ್ಚಲು ಹೋಗಬೇಡಿ, ಅದೇ ಅವರಿಗೆ ನೆಪ ಆಗುತ್ತದೆ.

ಬಾಯಿಮಾತು ಸಾಲದು. ಬಿಲ್ಲಿನ ಫೋಟೋ, ವಿಡಿಯೋ ಸೇರಿಸಿ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ರಿಪೇರಿಗೆ ಕೊಟ್ಟರೆ ದಿನಾಂಕವಿರುವ ಚೀಟಿ ಕೇಳಿ. ಬಿಲ್ಲಿನಲ್ಲಿ ಅವಧಿ ನಮೂದಿಸಿರದಿದ್ದರೆ, ದೋಷವುಳ್ಳ ವಸ್ತುವನ್ನು 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ.

ಆಗಲೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಾದ ಮೇಲೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ ಇದೆ: 2 ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಬಿಲ್ ಸಿಗದವರು ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಟ್ಟುಕೊಳ್ಳಿ.