ಅವ್ವಾ, ಮೊದ್ಲ ಅಪ್ಪಂದ ಟೆಸ್ಟ್ ಆಗ್ಲಿ

ಒಸಾಕಾ, ರವಿವಾರ ರಾತ್ರಿ

ಅವ್ವಗ ನಮಸ್ಕಾರ, ಅಪ್ಪಗೂ. ನಾ ಆರಾಮ ಅದೀನಿ. ನೀವೂ ಆರಾಮ ಅದೀರಿ ಅಂತ ಬರಿಯಾಕ ಕೈ ಬರವಲ್ದು, ಯಾಕಂದ್ರ ಸಣ್ಣಕ್ಕ ಬರದಿದ್ದು ನಿನ್ನೆ ಓದೀನಿ. ಜಾತ್ರ್ಯಾಗ ಗವಿಮಠದ ಮೆಟ್ಲ ಹತ್ತುಮುಂದ ಅಪ್ಪ ಎರಡ್ ಸಲ ನಿಂತ್ರಂತ, ಎದಿ ಮ್ಯಾಲ ಕೈ ಇಟ್ಕೊಂಡ್ರಂತ, ಗುಂಡ್ಯಾ ಕೇಳಿದ್ರ ಏನಿಲ್ಲೋ ಗ್ಯಾಸು ಅಂದ್ರಂತ. ದಿನಾ ಫೋನಿನಾಗ ಮಾತಾಡ್ತೀವಿ ಅವ್ವಾ, ಸಾರು ಏನು ಮಾಡೀದಿ ಅಂತ ಹೇಳ್ತಿ, ಬಾಜೂಮನಿ ಎಮ್ಮಿ ಕರ ಹಾಕಿದ್ದೂ ಹೇಳ್ತಿ, ಇದೊಂದ್ ಯಾಕ ಹೇಳಲಿಲ್ಲ? ನಾ ದೂರ ಅದೀನಿ, ಗಾಬರಿ ಆಗ್ತೀನಿ ಅಂತ ಮುಚ್ಚಿಟ್ಟಿ ಅಂತ ಗೊತ್ತೈತಿ. ನಾ ಗಾಬರಿ ಆಗಿಲ್ಲ. ಆದ್ರ ಫೋನ್ ಮಾಡಿದ್ರ ಅಪ್ಪ ಅಲ್ಲೇ ಕುಂತು ಕೇಳ್ತಾರ, ನೀ ಬರೇ ಹೂಂ ಹೂಂ ಅಂತಿ, ಅದಕ್ಕ ಇದನ್ನ ಟೈಪ್ ಮಾಡಿ ಕಳಿಸಾಕತ್ತೀನಿ, ಗುಂಡ್ಯಾ ಪ್ರಿಂಟ್ ತಗದು ಕೊಡ್ತಾನ.

ನೀ ಸಣ್ಣಕ್ಕನ ಕೈಲೆ ಕೇಳ್ಸಿದ್ದು ಒಂದ ಮಾತು, ನೀವಿಬ್ರೂ ಇಲ್ಲಿ ಜಪಾನಿಗೆ ಬರೂ ಟಿಕೆಟ್ ಕ್ಯಾನ್ಸಲ್ ಮಾಡೂದೇನು ಅಂತ. ಬ್ಯಾಡ, ಈಗ ಬ್ಯಾಡ. ಮಾರ್ಚ್ ಕಡೀ ವಾರಕ್ಕ ಇನ್ನೂ ಟೈಮ್ ಐತಿ. ಆದ್ರ ಈ ವಾರದಾಗ ಹುಬ್ಬಳ್ಳಿಗೆ ಹೋಗಿ ಹಾರ್ಟಿನ ಡಾಕ್ಟರ್‌ಗೆ ತೋರ್ಸ್ರಿ. ಊರಾಗ ಹೋದ ಸಲ ತೋರ್ಸಿದಲ್ಲೆ ಒಂದ್ ಗ್ಯಾಸಿನ ಗುಳಿಗಿ ಕೊಟ್ಟು ಮನಿಗೆ ಕಳಿಸಿದ್ರು, ಒಂದ್ ಇಸಿಜಿನೂ ತಗೀಲಿಲ್ಲ, ಅದು ನನಗ ಇನ್ನೂ ಹೊಟ್ಯಾಗ ಉರೀತೈತಿ. ಅಪ್ಪಗ ಶುಗರ್ ಐತಿ, ಶುಗರ್ ಇದ್ದೋರಿಗೆ ಹಾರ್ಟಿನ ತ್ರಾಸು ಕೆಲವ್ ಸಲ ಎದಿನೋವೇ ಇಲ್ದ ಬರತೈತಿ, ಬರೇ ದಮ್ಮು, ಬೆವರು, ಸುಸ್ತು, ಹೊಟ್ಟಿ ಉಬ್ಬಿದಂಗ ಅನಸ್ತೈತಿ, ಹಂಗಾಗಿ ಗ್ಯಾಸು ಅಂತ ನಾವ ಹೆಸರಿಡಬಾರ್ದು. ನಡದ್ರ ಬರತೈತಿ, ನಿಂತ್ರ ಹೋಗತೈತಿ ಅಂದ್ರ ಅದನ್ನ ಡಾಕ್ಟರ್ ಮುಂದ ಹಂಗ ಹೇಳ್ರಿ. ಇಸಿಜಿ, ಎಕೋ, ಅವ್ರು ಹೇಳಿದ್ರ ಟ್ರೆಡ್‌ಮಿಲ್ಲು. ರೊಕ್ಕ ಸಣ್ಣಕ್ಕನ ಅಕೌಂಟಿಗೆ ಹಾಕೀನಿ, ಅಪ್ಪಗ ಎಷ್ಟು ಅಂತ ಹೇಳಬ್ಯಾಡ. ಮುಂಜಾನೆ ಗಾಡಿಗೆ ಹೋಗಿ ಸಂಜಿಗೆ ಬರಬಹುದು, ಗುಂಡ್ಯಾ ಜೊತಿಗೆ ಇರಲಿ. ಮತ್ತ ಅದಕ್ಕೂ ಮೊದ್ಲ ರಾತ್ರಿ ಬೆವರು ಬಂದು ದಮ್ಮು ಕಟ್ಟಿದ್ರ ಜೀರಿಗಿ ನೀರು ಕುಡಿಸ್ಕೋತ ಕುಂದ್ರಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.

ಇಲ್ಲಿಂದ ಮುಂದ ಇದ್ದದ್ದನ್ನ ಅಪ್ಪಗ ಓದಿ ಹೇಳು.

ಅಪ್ಪಾ, ನಾರಾ ಊರಿನ ತೋದಾಯ್-ಜಿ ಗುಡ್ಯಾಗಿನ ನಿಮ್ ದೊಡ್ಡ ಬುದ್ಧನ ಹತ್ರ ಹೋಗೂ ದಾರಿ ನಾ ಹೋದ ವಾರ ಒಬ್ಬಾಕೀನ ನಡದು ನೋಡಿ ಬಂದೀನಿ. ಮೊದ್ಲೂ ಹೋಗಿದ್ನಿ, ಗೆಳತ್ಯಾರ ಜೊತಿ ಓಡ್ಕೋತ ಹೋಗಿ ಓಡ್ಕೋತ ಬಂದಿದ್ನಿ, ಆದ್ರ ಈ ಸಲ ನೀವು ನಡಿಯೋಹಂಗ ನಡದೀನಿ. ಎಲ್ಲಿ ಲಿಫ್ಟ್ ಐತಿ, ಎಲ್ಲಿ ಕುಂದ್ರಾಕ ಬೆಂಚ್ ಐತಿ, ಎಲ್ಲಿ ಬಾತ್‌ರೂಮ್ ಐತಿ, ಎಲ್ಲಾ ನೋಟ್‌ಬುಕ್ಕಿನಾಗ ಬರ್ಕೊಂಡೀನಿ. ಒಸಾಕಾದ ನಾಂಬಾ ಸ್ಟೇಶನ್ನಿಂದ ನಾರಾಕ್ಕ ಗಾಡಿ 40 ನಿಮಿಷ, ಟಿಕೆಟ್ 700 ಯೆನ್ ಒಳಗ, ನಮ್ ರೊಕ್ಕದಾಗ ನಾಕ್ನೂರರ ಆಸುಪಾಸು. ರವಿವಾರ ಬ್ಯಾಡ, ಮಂದಿ ಭಾಳ. ನಾ ಮಂಗಳವಾರ ಸೂಟಿ ಹಾಕ್ತೀನಿ, ಆಫೀಸಿನ ಮಂದಿ ಹೋಗಿ ಮುಗದ ಮ್ಯಾಲ ಒಂಬತ್ತೂವರೆ ಮ್ಯಾಗ ಹತ್ತೂಣು, ಆವಾಗ ಕುಂದ್ರಾಕ ಸೀಟ್ ಸಿಗತೈತಿ. ಬಲಗಡೆ ಕಿಟಕಿ ಹಿಡೀರಿ ಅಪ್ಪಾ. ಇಕೋಮಾ ಗುಡ್ಡದ ಸುರಂಗ ದಾಟಿ ನಾರಾ ಊರು ಹತ್ರ ಬಂದಂಗ ಗಾಡಿ ಹಳೇ ಅರಮನಿ ಜಾಗದ ನಡುವ ಹಾಯ್ದು ಹೋಗತೈತಿ, 710ರಿಂದ 784ರ ತನಕ ಇದು ಇವರ ರಾಜಧಾನಿ, ಬಲಕ್ಕ ಹೊಸದಾಗಿ ಕಟ್ಟಿದ ಕೆಂಪು ಬಾಗ್ಲ ಕಾಣ್ತೈತಿ, ಸುಜಾಕು ಬಾಗ್ಲ ಅಂತಾರ.

ಗಾಡ್ಯಾಗ ಯಾರೂ ಮಾತಾಡಂಗಿಲ್ಲ. ಫೋನ್ ಸೈಲೆಂಟ್ ಇಡಬೇಕು, ಗಾಡ್ಯಾಗ ಫೋನಿನ್ಯಾಗ ಮಾತಾಡಾಕ ಬಿಡಂಗಿಲ್ಲ. ನಮ್ ಕಡೆ ಗಾಡಿ ಹತ್ತಿದ ಕೂಡ್ಲೆ ಯಾವೂರು, ಎಲ್ಲಿಗೆ ಹೊಂಟೀರಿ ಅಂತ ಕೇಳೂ ಸುಖ ಇಲ್ಲಿಲ್ಲ, ಅದು ನನಗ ಇನ್ನೂ ರೂಢಿ ಆಗಿಲ್ಲ. ಆದ್ರ ಗಾಡಿ ಐದು ನಿಮಿಷ ತಡ ಆದ್ರ ಸ್ಟೇಶನ್ನಿನವ್ರು ಆಫೀಸಿಗೆ ತೋರ್ಸಾಕ ಚೀಟಿ ಕೊಡ್ತಾರ, ತಪ್ಪು ನಮ್ದು ಅಂತ. ಎಸ್ಕಲೇಟರ್ ಮ್ಯಾಲ ಒಸಾಕಾದಾಗ ಬಲಕ್ಕ ನಿಂದರ್ತಾರ, ಟೋಕಿಯೋದಾಗ ಎಡಕ್ಕ. ನೀವು ನನ್ ಹಿಂದ ನಿಂತ್ರ ಸಾಕು.

ನಾರಾ ಸ್ಟೇಶನ್ ನೆಲದ ಕೆಳಗ ಐತಿ, ಲಿಫ್ಟಿನಾಗ ಮ್ಯಾಲ ಬಂದು ಬಸ್ ಹತ್ತೂಣು. ಮಂದಿ ಎಲ್ಲಾ ಪಾರ್ಕಿನೊಳಗ ನಡ್ಕೋತ ಹೋಗ್ತಾರ, 20–25 ನಿಮಿಷ, ಅದು ನಮಗ ಬ್ಯಾಡ. ಬಸ್ಸಿಳಿದ ಮ್ಯಾಲ ನಿಧಾನ ನಡದ್ರ 15 ನಿಮಿಷ, ಸಪಾಟ ದಾರಿ, ಗುಡ್ಡ ಇಲ್ಲ. ಮಡಚೋ ಖುರ್ಚಿ ಒಂದ್ ತಗೊಂಡೀನಿ, ಹೆಗಲಿಗೆ ಹಾಕ್ಕೊಂಡ್ ಬರ್ತೀನಿ, ಎಲ್ಲಿ ಬೇಕಂದಲ್ಲೆ ಹಾಕ್ತೀನಿ. ದಾರ್‍ಯಾಗ ಜಿಂಕಿ, ಸಾವಿರದ ಮ್ಯಾಲ ಅದಾವ, ಕಟ್ಟಿಲ್ಲ ಬಿಟ್ಟಾರ, ದೇವರ ಜಿಂಕಿ ಅಂತಾರ. ಅವಕ್ಕ ಹಾಕೂ ಬಿಸ್ಕಿಟ್ ಮಾರ್ತಾರ, ಅಕ್ಕಿ ತೌಡಿಂದು, ಸಕ್ರಿ ಇಲ್ಲ. ಕೈಯಾಗ ಹಿಡಕೊಂಡ್ನಿ, ನಮ್ ದನದ ಹಕ್ಕ್ಯಾಗಿನ ತೌಡಿಂದ ವಾಸನಿ ಅವ್ವಾ, ಕಣ್ ಮುಚ್ಚಿದ್ರ ಮನಿ ಹಿತ್ಲ. ಬಿಸ್ಕಿಟ್ಟಿಗೆ ಸುತ್ತಿದ ಕಾಗದಾನೂ ಜಿಂಕಿ ತಿಂದ್ರ ಏನೂ ಆಗಬಾರ್ದು ಅಂತ ಬ್ಯಾರೇನ ಮಾಡಿರ್ತಾರ. ಒಂದ್ ಮುದಿ ಜಿಂಕಿ ನನ್ನೆದ್ರಿಗೆ ನಿಂತು ಮೂರು ಸಲ ತಲಿ ಬಾಗಿಸ್ತು, ಕೊಟ್ಟ ಮ್ಯಾಲನೂ ಚೀಲದ ತುದಿ ಹಲ್ಲಾಗ ಹಿಡದು ಬಿಡಲಿಲ್ಲ. ಅವ್ವ ಸೆರಗು ಸಿಕ್ಕಿಸಿಕೊಂಡ ನಡೀಬೇಕು ಅಲ್ಲೆ.

ಬುದ್ಧ ಕುಂತಾನ ಅಪ್ಪಾ, 15 ಮೀಟರ್ ಎತ್ರ, ಕಿವಿನ ಎರಡೂವರೆ ಮೀಟರ್. ಎಲ್ಲಾ ಕಂಚು, 500 ಟನ್ನಿನ ಹತ್ರ ತಾಮ್ರ ಹೋಗೇತಿ. ಗುಡಿ ಎರಡ್ ಸಲ ಸುಟ್ಟೈತಿ, 1180ರಾಗ ಒಮ್ಮೆ, 1567ರಾಗ ಒಮ್ಮೆ, ಈಗಿಂದು 1709ರದು, ಮೊದ್ಲಿಂದಕ್ಕಿಂತ ಸಣ್ಣದು, ಆದ್ರೂ ಕಟಗಿ ಕಂಬ ನೋಡಿದ್ರ ಕುತ್ತಿಗಿ ನೋಯತೈತಿ. 735ರಿಂದ 737ರ ತನಕ ಮೈಲಿ ಬ್ಯಾನಿ ಬಂದು ದೇಶಕ್ಕ ದೇಶ ಸತ್ತಂಗ ಆಗಿತ್ತಂತ, ಆಮ್ಯಾಲ 743ರಾಗ ಶೋಮು ಅನ್ನೋ ಚಕ್ರವರ್ತಿ ಈ ಮೂರ್ತಿ ಮಾಡಿಸ್ತೀನಿ ಅಂತ ಆಜ್ಞೆ ಹೊರಡಿಸಿದ. 752ರಾಗ ಮೂರ್ತಿಗೆ ಕಣ್ಣು ಬರದಾಂವ ನಮ್ ಭಾರತದಿಂದ ಬಂದ ಭಿಕ್ಷು, ಬೋಧಿಸೇನ ಅಂತ. ದೊಡ್ಡ ಕುಂಚ, ಅದಕ್ಕ ಉದ್ದನ್ನ ದಾರ ಕಟ್ಟಿದ್ರು, ಕೆಳಗ ನಿಂತ ಮಂದಿ ದಾರ ಹಿಡ್ಕೊಂಡ್ರು, ಹಿಡದೋರೆಲ್ಲಾ ಕಣ್ಣು ಬರದಂಗ ಆತು. ಆ ಕುಂಚ ಇನ್ನೂ ಐತಿ.

ನನಗ ಕಣ್ಣಾಗ ನೀರು ಬಂದಿದ್ದು ಅಲ್ಲಲ್ಲ. ಶೋಮು ತನ್ನ ಆಜ್ಞಾದಾಗ, ಯಾರರ ಒಂದ್ ಹುಲ್ಲಕಡ್ಡಿ, ಒಂದ್ ಹಿಡಿ ಮಣ್ಣು ತಂದು ಕೈ ಜೋಡಿಸ್ತೀನಿ ಅಂದ್ರ ಅವರನ್ನ ತಡೀಬ್ಯಾಡ್ರಿ ಅಂತ ಹೇಳ್ಯಾನ. ಓದಿದ ಕೂಡ್ಲೆ ನೀವು ನೆನಪಾದ್ರಿ. ಸಾಲಿ ಹುಡ್ರನ್ನೆಲ್ಲಾ ಕಟ್ಕೊಂಡು ನಮ್ ಕೊಪ್ಪಳದ ಪಾಲ್ಕಿಗುಂಡು ಗುಡ್ಡ ಹತ್ತಿಸಿ, ಆ ಎರಡ್ ಬಂಡಿಗಲ್ಲಿನ ಮ್ಯಾಲ ಕುಂತ ದೊಡ್ಡ ಬಂಡಿಗಲ್ಲಿನ ನೆಳ್ಳಾಗ ನಿಂತು, ಅಶೋಕನ ಬ್ರಾಹ್ಮಿ ಅಕ್ಷರದ ಮ್ಯಾಲ ಬೆರಳ ಮುಟ್ಟಿಸ್ದ ಗಾಳ್ಯಾಗ ಆಡಿಸಿ ಓದಿ ಹೇಳ್ತಿದ್ರಿ: ಇದು ದೊಡ್ಡೋರಿಗಷ್ಟ ಅಲ್ಲ, ಸಣ್ಣೋರೂ ಪ್ರಯತ್ನ ಮಾಡಿದ್ರ ಸಿಗತೈತಿ. ಅವತ್ತ ನಾ ಐದನೇತ್ತ, ಬುತ್ತಿ ಚಿಂತ್ಯಾಗ ಇದ್ನಿ. ಸಾವಿರ ವರ್ಷ ಆಮ್ಯಾಲ ಸಮುದ್ರದಾಚೆ ಒಬ್ಬ ರಾಜ ಅದ ಮಾತು ಹೇಳ್ಯಾನಲ್ಲ, ಅಲ್ಲೇ ಬೆಂಚಿನ ಮ್ಯಾಲ ಕುಂತು ಎರಡ್ ಸಲ ಓದ್ದೆ. ಇದನ್ನ ನಾ ಹೇಳೂದಲ್ಲ, ನೀವು ಅಲ್ಲಿ ನಿಂತು ನನಗ ಹೇಳ್ಬೇಕು. ಮಸ್ಕಿ ಶಾಸನ 1915ರಾಗ ಸಿಕ್ಕಿದ್ದು, ಅಶೋಕ ಅನ್ನೋ ಹೆಸರು ಅದರಾಗ ಇದ್ದದ್ದು, ಎಲ್ಲಾ ಮತ್ತ ಮೊದ್ಲಿಂದ ಹೇಳ್ರಿ, ಈ ಸಲ ಪೂರ್ತಿ ಕೇಳ್ತೀನಿ. ಆದ್ರ ಪ್ರಯತ್ನ ಅಂದ್ರ ದಮ್ಮು ಬಂದ್ರೂ ಮೆಟ್ಲ ಹತ್ತೂದಲ್ಲ ಅಪ್ಪಾ. ಹುಬ್ಬಳ್ಳಿಗೆ ಹೋಗಿ ಡಾಕ್ಟರ್ ಮುಂದ ಖರೇ ಹೇಳೂದು.

ನಾರಾದಾಗ ಮ್ಯಾಲ ನಿಗತ್ಸು-ದೋ ಅಂತ ಇನ್ನೊಂದ್ ಗುಡಿ ಐತಿ, ಭಾಳ ಚಂದ, ಮೆಟ್ಲ ಅದಾವ, ಅದನ್ನ ಬಿಟ್ಟೀನಿ. ಒಂದ್ ಬುದ್ಧನ್ನ ನೋಡಿ, ಬುತ್ತಿ ಉಂಡು, ಮೂರಕ್ಕ ವಾಪಸ್. ಬುತ್ತಿ ಮನಿಂದನ ಅವ್ವಾ, ಇಲ್ಲಿ ಸಾರಿನಾಗೆಲ್ಲಾ ಒಣಮೀನಿನ ನೀರು ಹಾಕ್ತಾರ, ಕಾಯಿಪಲ್ಯ ಅಂತ ಬರದಿದ್ರೂ ನಂಬಾಕ ಬರಂಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಸಾಕು, ಉಪ್ಪಿನಕಾಯಿ ಬ್ಯಾಡ, ಬಿಪಿ. ಸ್ವೆಟರ್ ಎರಡೆರಡು ತರ್ರಿ, ಮಾರ್ಚಿನಾಗೂ ಇಲ್ಲಿ ಚಳಿ. ವಿಮಾನದಾಗ ಗಾಲಿಖುರ್ಚಿ ಕೇಳಿ ಬರಸೀನಿ, ಅಪ್ಪ ಸಿಟ್ಟಾದ್ರೂ ಬದಲ್ಸಂಗಿಲ್ಲ.

ಡಾಕ್ಟರ್ ಬ್ಯಾಡ ಅಂದ್ರ ಬ್ಯಾಡ. ಸ್ಟೆಂಟ್ ಹಾಕ್ಬೇಕು ಅಂದ್ರ ಹಾಕಸೂಣು, ನಾ ಅವತ್ತ ಹೊಂಟು ಬರ್ತೀನಿ, ಸೂಟಿ ಕೇಳಿ ಇಟ್ಟೀನಿ. ಬುದ್ಧ ಎಲ್ಲಿಗೂ ಹೋಗಂಗಿಲ್ಲ, ಬರೂ ವರ್ಷ ನೋಡೂಣು. ಏನೂ ಆಗಿರಂಗಿಲ್ಲ ಅವ್ವಾ, ಏನೂ ಇರಂಗಿಲ್ಲ, ನೀ ರಾತ್ರಿ ನಿದ್ದಿಗೆಟ್ಟು ಅವರ ಉಸ್ರು ಕೇಳ್ಕೋತ ಮಲಗಬ್ಯಾಡ. ನಾ ಚೊಲೋ ನಿದ್ದಿ ಮಾಡಾಕತ್ತೀನಿ. ಊಟನೂ ಹೊತ್ತಿಗೆ ಸರಿಯಾಗಿ ಮಾಡ್ತೀನಿ.

ಇಲ್ಲಿ ಹನ್ನೆರಡೂವರೆ ಆತು, ನಿಮಗ ಒಂಬತ್ತು, ಅಪ್ಪ ಗುಳಿಗಿ ತಗೊಂಡಿದ್ರ ಗುಂಡ್ಯಾನ ಕೈಲೆ ಒಂದ್ ಮೆಸೇಜ್ ಹಾಕ್ಸು. ನನಗ ಮುಂಜಾನೆ ಗಾಡಿ ಆರೂ ನಲ್ವತ್ತಕ್ಕ. ಹುಬ್ಬಳ್ಳಿ ಅಪಾಯಿಂಟ್‌ಮೆಂಟ್ ಗುರುವಾರಕ್ಕ ಸಣ್ಣಕ್ಕ ತಗೊಂಡಾಳ, ತಪ್ಪಿಸಬ್ಯಾಡ್ರಿ. ಹಳೇ ರಿಪೋರ್ಟಿನ ಫೈಲ್ ದೇವರಮನಿ ಮಾಡದಾಗ ಐತಿ, ಮರೀದ ಒಯ್ಯಿರಿ.

ನಿಮ್ಮ ಮಗಳು